ಹಣ್ಣಿನ ಹಾಜರಿ

ಮೈಸೂರಿನಲ್ಲಿ ಹುಟ್ಟಿ, ಅಲ್ಲೇ ಇತಿಹಾಸದಲ್ಲಿ ಎಂ.ಎ. ಮುಗಿಸಿ, ಮದುವೆಯಾಗಿ ಆಲೂರಿಗೆ ಬಂದ ನವ್ಯಶ್ರೀಗೆ ಮೊದಲೆರಡು ವರ್ಷ ಗುಡ್ಡದ ದಾರಿಯಲ್ಲಿ ಬಸ್ಸು ತಿರುಗಿದಾಗಲೆಲ್ಲ ಹೊಟ್ಟೆ ತೊಳಸುತ್ತಿತ್ತು. ಮೂರನೆಯ ವರ್ಷಕ್ಕೆ ಹೊಟ್ಟೆ ಒಗ್ಗಿಕೊಂಡಿತು, ಮನಸ್ಸು ಒಗ್ಗಲಿಲ್ಲ. ಒಂದೂವರೆ ವರ್ಷದ ಮಗಳನ್ನು ಅತ್ತೆಯ ಹತ್ತಿರ ಬಿಟ್ಟು ಎಂಟರ ಬಸ್ಸು ಹತ್ತಿದವಳು ಕೆ. ಹೊಸಕೋಟೆ ದಾಟುವುದರೊಳಗೆ ಎರಡು ಸಲ ಮನೆಗೆ ಫೋನು ಮಾಡುತ್ತಿದ್ದಳು. ಹಾಲು ಕುಡಿದಳಾ, ಬಾವಿ ಕಡೆಯ ಬಾಗಿಲು ಹಾಕಿದ್ದೀರಾ, ಕೆಮ್ಮು ಹೇಗಿದೆ. ಅತ್ತೆ ಮೀನಾಕ್ಷಮ್ಮ ಒಂದು ದಿನ ಅಂದೇಬಿಟ್ಟರು:

"ನಿನ್ ಗಂಡನ್ನೂ ನಾನೇ ಸಾಕಿದ್ದು ಕಣವ್ವ. ಇದೇ ಬಾವಿ ಆಗ್ಲೂ ಇತ್ತು. ಬಿದ್ದವ್ನಾ ನೋಡು."

ಅವಳು ಪಾಠ ಹೇಳುತ್ತಿದ್ದುದು ಸುತ್ತಲಿನ ತೋಟದವರು ಸೇರಿ ನಡೆಸುವ ಒಂದು ಕಲಾ ಕಾಲೇಜಿನಲ್ಲಿ. ದಿಬ್ಬದ ಮೇಲೆ ಐದು ಕೋಣೆ, ಆರು ಜನ ಮೇಷ್ಟ್ರು, ಎರಡು ಬೀರು ಪುಸ್ತಕ. ಬೀರುವಿನ ಬೀಗದ ಕೈ ಪ್ರಾಂಶುಪಾಲ ಪರಮಶಿವಯ್ಯನವರ ಮೇಜಿನೊಳಗೆ. ಓದುವವರೆಲ್ಲ ಹೆಚ್ಚುಕಡಿಮೆ ಎಸ್ಟೇಟ್ ಲೈನುಮನೆಗಳ ಕೂಲಿಯವರ, ಸಣ್ಣ ಹಿಡುವಳಿಯವರ ಮಕ್ಕಳು, ಬಿ.ಎ. ಮಾಡಿ ಏನು ಕಡಿದು ಗುಡ್ಡೆ ಹಾಕ್ತೀಯ ಎಂದು ಮನೆಯಲ್ಲಿ ಅನ್ನಿಸಿಕೊಂಡೇ ಬಂದು ಬೆಂಚಿನ ಮೇಲೆ ಕೂರುವವರು.

ಆಡಳಿತ ಸಮಿತಿಯದೊಂದು ನಿಯಮವಿತ್ತು. ಒಂದು ವಿಷಯ ಆರಿಸಿಕೊಂಡು ಪರೀಕ್ಷೆಗೆ ಕೂರುವವರು ಹತ್ತು ಜನ ಇಲ್ಲದಿದ್ದರೆ ಮರುವರ್ಷ ಆ ವಿಷಯ ಇಲ್ಲ, ಅದನ್ನು ಹೇಳಿಕೊಡುವವರೂ ಇಲ್ಲ. ಕೊನೆಯ ವರ್ಷದ ಇತಿಹಾಸಕ್ಕೆ ಸರಿಯಾಗಿ ಹತ್ತು ಜನ ಇದ್ದರು. ಅವರನ್ನು ಒಟ್ಟುಮಾಡಲು ನವ್ಯಶ್ರೀ ಜೂನ್ ತಿಂಗಳಿಡೀ ಲೈನಿನಿಂದ ಲೈನಿಗೆ ಚಪ್ಪಲಿ ಸವೆಸಿದ್ದಳು. ಹತ್ತನೆಯವಳಾಗಿ ಸಿಕ್ಕಿದವಳು ಗಗನಾ.

ಗಗನಾಳ ತಾಯಿ ಲಿಂಗಮ್ಮ ಹೆಣ್ಣಾಳು, ತಂದೆ ಇಲ್ಲ. ಹುಡುಗಿ ಮಾತು ಕಡಿಮೆ, ಕಿವಿ ಚುರುಕು. ಊರಿನ ಚರಿತ್ರೆ ಬರೆದು ತನ್ನಿ ಎಂದರೆ ಉಳಿದವರು ಇಂಟರ್ನೆಟ್ಟಿನಿಂದ ಕೋಟೆಯನ್ನೋ ದೇವಸ್ಥಾನವನ್ನೋ ಇಳಿಸಿಕೊಂಡು ಬಂದರು. ಇವಳು ಎಡಕುಮೇರಿಯ ರೈಲು ದಾರಿಗೆ ಕಲ್ಲು ಹೊತ್ತಿದ್ದ ಮೂರು ಜನ ಮುದುಕರನ್ನು ಹುಡುಕಿ, ಅವರು ಹೇಳಿದ್ದನ್ನು ಹೇಳಿದ ಹಾಗೆಯೇ ನಲವತ್ತು ಪುಟ ಬರೆದು ತಂದಳು. ನವ್ಯಶ್ರೀ ಅದನ್ನು ಬಸ್ಸಿನಲ್ಲಿ ಓದುತ್ತ ಇಳಿಯಬೇಕಾದ ಜಾಗ ದಾಟಿಬಿಟ್ಟಳು. ಮೈಸೂರಿನ ತನ್ನ ಗುರುಗಳಿಗೆ ಕಳಿಸಿದಳು. ಎಂ.ಎ. ಪ್ರವೇಶ ಪರೀಕ್ಷೆ ಬರೆಸಿ, ಹಾಸ್ಟೆಲಿಗೆ ನಾನು ಹೇಳುತ್ತೇನೆ ಎಂದು ಅವರು ಬರೆದರು. ಈ ಕಾಲೇಜಿನಿಂದ ಅಷ್ಟು ದೂರ ಹೋದವರು ಅದುವರೆಗೆ ಯಾರೂ ಇರಲಿಲ್ಲ.

ಜನವರಿಯಲ್ಲಿ ರೋಬಸ್ಟಾ ಕಾಫಿ ಹಣ್ಣಾಗುತ್ತಿದ್ದಂತೆ ಕಾಲೇಜಿನ ಬೆಂಚುಗಳು ಖಾಲಿಯಾಗುತ್ತವೆ. ಹಣ್ಣು ಕುಯ್ಯಲು ಹೋದವರಿಗೂ ಮೇಷ್ಟ್ರುಗಳು ಕಂಡೂ ಕಾಣದ ಹಾಗೆ ಹಾಜರಿ ಹಾಕಿಬಿಡುವುದು ಹಿಂದಿನಿಂದ ನಡೆದುಬಂದದ್ದು. ಸ್ಟಾಫ್ ರೂಮಿನಲ್ಲಿ ಅದಕ್ಕೆ ಹಣ್ಣಿನ ಹಾಜರಿ ಎಂದೇ ಹೆಸರು. "ಇದೂ ಒಂದು ಬೆಳೆ ಮೇಡಂ, ವರ್ಷಕ್ಕೊಂದೇ ಸಲ," ಎಂದು ರಾಜ್ಯಶಾಸ್ತ್ರದ ಅಕ್ರಂ ನಗುತ್ತಿದ್ದರು. ಆದರೆ ಆ ವರ್ಷ ವಿಶ್ವವಿದ್ಯಾಲಯದಿಂದ ತಪಾಸಣೆಗೆ ಬಂದವರು ತಲೆ ಎಣಿಸಿ, ಪುಸ್ತಕ ನೋಡಿ, ಪರಮಶಿವಯ್ಯನವರ ಮುಖಕ್ಕೆ ಮಂಗಳಾರತಿ ಎತ್ತಿ ಹೋಗಿದ್ದರು. ಮರುದಿನವೇ ಪ್ರಾಂಶುಪಾಲರು ಎಲ್ಲರಿಂದಲೂ ಮುಚ್ಚಳಿಕೆ ಬರೆಸಿಕೊಂಡರು: ಇನ್ನು ಸುಳ್ಳು ಹಾಜರಿ ಹಾಕಿದವರು ಅವತ್ತೇ ಮನೆಗೆ.

ಅದಾದ ವಾರಕ್ಕೆ ಗಗನಾ ಬಾಗಿಲ ಮರೆಯಲ್ಲಿ ನಿಂತಳು.

"ಮೇಡಂ, ಹದಿನೈದು ದಿನ ಹಳ್ಳದಾಚೆ ಎಸ್ಟೇಟಿಗೆ ಹಣ್ಣು ಕುಯ್ಯಕ್ಕೆ ಹೋಗ್ತೀನಿ. ಮೈಸೂರಿಗೆ ಹೋಗ್ಬೇಕಲ್ಲ, ಅವ್ವನ್ನ ಕೇಳಕ್ಕಾಗಲ್ಲ. ಹಾಜರಿ..."

"ಅಮ್ಮನಿಗೆ ಗೊತ್ತಾ?"

"ಗೊತ್ತಾದ್ರೆ ಕಾಲು ಮುರೀತದೆ. ನಾನು ಬುಟ್ಟಿ ಹಿಡಿಯೋದು ಅವ್ವಂಗೆ ಆಗಲ್ಲ. ಹೇಳ್ಬೇಡಿ ಮೇಡಂ."

ಕೊನೆಯ ವರ್ಷದ ಹಾಜರಿ ಪುಸ್ತಕ ನವ್ಯಶ್ರೀಯ ಕೈಯಲ್ಲೇ ಇತ್ತು. ಹಾಜರಿ ಸಾಲದಿದ್ದರೆ ಗಗನಾ ಪರೀಕ್ಷೆಗೆ ಕೂರುವಂತಿಲ್ಲ. ಅವಳು ಕೂರದಿದ್ದರೆ ಇತಿಹಾಸಕ್ಕೆ ಒಂಬತ್ತೇ ಜನ. ದಿನವೂ ಗುರುತು ಹಾಕುವಾಗ, ಹುಡುಗಿಗೋಸ್ಕರ ಮಾಡುತ್ತಿದ್ದೇನೆ ಎಂದು ನವ್ಯಶ್ರೀ ತನಗೆ ತಾನೇ ಹೇಳಿಕೊಂಡಳು. ಅದು ಪೂರ್ತಿ ಸುಳ್ಳೂ ಆಗಿರಲಿಲ್ಲ.

ಹನ್ನೊಂದನೆಯ ದಿನ ಮಧ್ಯಾಹ್ನ ಆನೆ ಗುಂಪು ಓಡಾಡುತ್ತಿದೆ ಎಂದು ಅರಣ್ಯ ಇಲಾಖೆಯ ಮೆಸೇಜು ಬಂತು. ಎರಡೂವರೆಗೇ ಕಾಲೇಜು ಬಿಟ್ಟು, ಹುಡುಗರನ್ನೆಲ್ಲ ಸಿಕ್ಕಿದ ವ್ಯಾನಿಗೆ ಹತ್ತಿಸಿ ಕಳಿಸಿದರು. ಮೇಷ್ಟ್ರುಗಳು ಐದೂಮುಕ್ಕಾಲರ ಬಸ್ಸಿಗೆ ಕಾಯುತ್ತ ಉಳಿದರು. ನವ್ಯಶ್ರೀ ಹಾಜರಿ ಪುಸ್ತಕ ತುಂಬಿ ಕೊಟ್ಟಳು, ಗಗನಾಳ ಹೆಸರಿನ ಮುಂದೆ ಎಂದಿನಂತೆ ಗುರುತು ಹಾಕಿ.

ನಾಲ್ಕು ಗಂಟೆಗೆ ಲಿಂಗಮ್ಮ ಏದುಸಿರು ಬಿಡುತ್ತ ದಿಬ್ಬ ಹತ್ತಿ ಬಂದಳು.

"ಸಾರ್, ನಮ್ ಹುಡ್ಗಿ ಇಲ್ಲೇ ಐತಾ? ಆನೆ ಬಂದೈತೆ ಅಂತಾರೆ. ವ್ಯಾನಲ್ಲಿ ಇಳೀಲಿಲ್ಲ."

ಪರಮಶಿವಯ್ಯನವರು ಪುಸ್ತಕ ತೆರೆದು ಬೆರಳಿಟ್ಟರು. "ಬಂದಿದ್ದಾಳಲ್ಲಮ್ಮ. ಕೊನೇ ಪೀರಿಯಡ್ಡೂ ಕೂತಿದ್ದಾಳೆ. ವ್ಯಾನಿನಲ್ಲಿ ಜಾಗ ಸಿಗದೆ ಒಳದಾರೀಲಿ ನಡೆದುಹೋದ್ಲೋ ಏನೋ. ಅಲ್ವಾ ನವ್ಯಶ್ರೀ?"

ಎಲ್ಲರೂ ಅವಳ ಕಡೆ ನೋಡಿದರು. ಬಾಯಿಬಿಟ್ಟು ಹೌದು ಎನ್ನಲಿಲ್ಲ ಅವಳು, ಹೌದೆಂಬಂತೆ ತಲೆ ಆಡಿಸಿದಳು.

ಬಂದುಬಿಡುತ್ತಾಳೆ, ಇನ್ನೇನು ಬಂದುಬಿಡುತ್ತಾಳೆ ಎಂದು ಎದೆಯೊಳಗೇ ಜಪ ನಡೆದಿತ್ತು. ಕೂಲಿಯವರನ್ನು ಎಸ್ಟೇಟಿನವರು ಹುಷಾರಾಗಿಯೇ ಸಾಗಿಸುತ್ತಾರೆ. ಈಗ ಬಾಯಿ ಬಿಟ್ಟು ಕೆಲಸ ಕಳೆದುಕೊಂಡ ಮೇಲೆ ಹುಡುಗಿ ನಗುನಗುತ್ತ ಬಂದು ನಿಂತರೆ? ಅಕ್ರಂ ಬ್ಯಾಟರಿ ತೆಗೆದುಕೊಳ್ಳುತ್ತ, "ಮೇಡಂ, ಅವಳ ಕ್ಲಾಸಿನವರಿಗೆ ಫೋನ್ ಮಾಡಿ ಕೇಳಿ, ಯಾವ ಕಡೆ ಹೋದ್ಲು ಅಂತ," ಎಂದರು. ನವ್ಯಶ್ರೀ ವರಾಂಡದ ತುದಿಗೆ ಹೋಗಿ ಗಗನಾಳ ನಂಬರಿಗೇ ಮೂರು ಸಲ ಮಾಡಿದಳು. ಮೂರು ಸಲವೂ ಸಂಪರ್ಕ ಸಿಗಲಿಲ್ಲ. ವಾಪಸು ಬಂದು, "ಯಾರೂ ನೋಡಿಲ್ಲವಂತೆ," ಎಂದಳು.

ಅಕ್ರಂ, ಜವಾನ, ಊರಿನ ನಾಲ್ಕು ಜನ ಸೇರಿ ಒಳದಾರಿ ಹಿಡಿದು ಹೊರಟರು. ಹಳ್ಳ ಇದ್ದದ್ದು ಇನ್ನೊಂದು ದಿಕ್ಕಿಗೆ. ಲಿಂಗಮ್ಮನನ್ನು ಬೆಂಚಿನ ಮೇಲೆ ಕೂರಿಸಿದರು.

"ನಿಮ್ ಪಾಠ ಅಂದ್ರೆ ಪ್ರಾಣ ಅವ್ಳಿಗೆ," ಎಂದಳು ಲಿಂಗಮ್ಮ. "ಮೈ ಕೆಂಡ ಆದ್ರೂ ತಪ್ಪಿಸಲ್ಲ. ಇಲ್ಲಿಂದ ಹೊಂಟಿದ್ರೆ ದಾರೀಲೇ ಎಲ್ಲೋ ಮರದ ಮರೇಲಿ ನಿಂತಿರ್ತಾಳೆ, ಅಲ್ವಾ ಮೇಡಂ?"

ನವ್ಯಶ್ರೀ ನೀರು ತಂದುಕೊಟ್ಟಳು. ಮನೆಗೆ ಫೋನು ಮಾಡಿದಳು. ಮಗಳು ಮಲಗಿದ್ದಾಳೆ, ಯಾಕೆ ದನಿ ಹಂಗೈತೆ ಎಂದರು ಅತ್ತೆ.

ಐದೂ ನಲವತ್ತಕ್ಕೆ ಅರಣ್ಯ ಇಲಾಖೆಯ ವಾಚರ್ ಅಣ್ಣಯ್ಯ ಜೀಪು ನಿಲ್ಲಿಸಿ, "ಬಸ್ ಬಂದ್ರೆ ಹೊಂಟ್ಬುಡಿ ಎಲ್ರೂವೆ," ಎಂದ. "ಗುಂಪು ಮಧ್ಯಾಹ್ನವೇ ಹಳ್ಳ ದಾಟ್ಬುಟ್ಟೈತೆ. ಆಚೆ ಎಸ್ಟೇಟಲ್ಲಿ ಕೂಲಿಯೋರೆಲ್ಲ ಬುಟ್ಟಿ ಬಿಸಾಕಿ ದಿಕ್ಕಾಪಾಲು ಓಡವ್ರೆ. ಟ್ರ್ಯಾಕ್ಟರಿಗೆ ಹತ್ತಿದೋರ ಲೆಕ್ಕ ಕೂಲಿ ಬರೆಯೋ ರೈಟರಿಗೂ ಗೊತ್ತಿಲ್ಲ."

ಆಗ ನವ್ಯಶ್ರೀ ಹೇಳಿದಳು, ಗಗನಾ ಇರುವುದು ಹಳ್ಳದಾಚೆ ಎಂದು. ಲಿಂಗಮ್ಮ ಬೆಂಚಿನಿಂದ ಎದ್ದಳು. ಅಣ್ಣಯ್ಯ ಜೀಪು ತಿರುಗಿಸಿಯಾಗಿತ್ತು.

ಗಗನಾ ಸಿಕ್ಕಿದ್ದು ತೋಟದ ಮೇಲಂಚಿನಲ್ಲಿ, ಗಿಡಗಳ ನಡುವೆ ನೀರು ಇಂಗಲು ತೋಡಿದ ಗುಂಡಿಯೊಂದರಲ್ಲಿ. ಆನೆ ತುಳಿದಿರಲಿಲ್ಲ. ಓಡುವಾಗ ಬಿದ್ದು ತಲೆಗೆ ಕಲ್ಲು ಬಡಿದಿತ್ತು. ಜೊತೆಯವರು ಅಸ್ಸಾಮಿನ ಕಡೆಯ ಕೂಲಿಗಳು. ಅವಳ ಹೆಸರು ಅವರಿಗೆ ಗೊತ್ತಿರಲಿಲ್ಲ, ಮನೆಗೆ ಓಡಿರಬೇಕು ಅಂದುಕೊಂಡಿದ್ದರು. ಆಸ್ಪತ್ರೆಯ ಬಾಗಿಲಲ್ಲಿ ಅಣ್ಣಯ್ಯ ಕೈಯ ಮಣ್ಣು ಒರೆಸಿಕೊಳ್ಳುತ್ತ, ಯಾರನ್ನೂ ದೂರದೆ, ಕಂಡದ್ದನ್ನು ಕಂಡಹಾಗೆ ಅಂದ: "ಎತ್ತಿದಾಗ ಮೈ ಇನ್ನೂ ಬಿಸಿ ಇತ್ತು ಕಣ್ರೀ."

ಮೂರನೆಯ ದಿನ ಪರಮಶಿವಯ್ಯನವರು ನವ್ಯಶ್ರೀಯನ್ನು ಕರೆಸಿ ಬಾಗಿಲು ಹಾಕಿದರು.

"ಬೆಳಿಗ್ಗೆ ಬಂದಿದ್ಲು, ಮಧ್ಯಾಹ್ನ ಹೇಳದೆ ಹೋದ್ಲು ಅಂತ ಬರೆದುಕೊಡಿ. ಸಮಿತಿಯವರ ಬಾಯಿ ಮುಚ್ಚುತ್ತೆ. ನಿಮಗೆ ಚಿಕ್ಕ ಮಗು ಇದೆ. ಹೋದವಳು ಬರ್ತಾಳಾ?"

ನವ್ಯಶ್ರೀ ಹಾಳೆ ತೆಗೆದುಕೊಂಡು ಹನ್ನೊಂದು ದಿನದ್ದೂ ಬರೆದಳು. ನಾಲ್ಕರಿಂದ ಐದೂ ನಲವತ್ತರವರೆಗಿನದೂ ಬರೆದಳು. ಅವರು ಓದಿ, ಕನ್ನಡಕ ತೆಗೆದು, "ಇನ್ನು ನಾನೇನೂ ಮಾಡೋಕಾಗಲ್ಲಮ್ಮ," ಎಂದರು.

ತಿಥಿ ಕಳೆದ ಮೇಲೆ ಒಂದು ಬೆಳಿಗ್ಗೆ ಅವಳು ಲೈನಿಗೆ ಹೋದಳು. ಲಿಂಗಮ್ಮ ಅಂಗಳದಲ್ಲಿ ಪಾತ್ರೆ ಬೆಳಗುತ್ತಿದ್ದಳು. ಕೂತುಕೊಳ್ಳಿ ಅನ್ನಲಿಲ್ಲ.

"ನಾನು ಬಂದಾಗ್ಲೇ ಗೊತ್ತಿತ್ತಾ ನಿಮ್ಗೆ?"

"ಗೊತ್ತಿತ್ತು."

"ಅವ್ವಂಗೆ ಹೇಳ್ಬೇಡಿ ಅಂದಿದ್ಲು, ಅದಕ್ಕಾ?"

ಹೌದು ಎಂದುಬಿಡಬಹುದಿತ್ತು. ಮುದುಕಿಯಲ್ಲದಿದ್ದರೂ ಹದಿನೈದೇ ದಿನದಲ್ಲಿ ಮುದುಕಿಯಾಗಿದ್ದ ಆ ಹೆಂಗಸು ಅದನ್ನು ನಂಬುತ್ತಿದ್ದಳು.

"ಅದಕ್ಕಲ್ಲ," ಎಂದಳು ನವ್ಯಶ್ರೀ. "ನನ್ನ ಕೆಲಸ ಹೋಗುತ್ತೆ ಅಂತ."

ಲಿಂಗಮ್ಮ ತಿಕ್ಕುತ್ತಿದ್ದ ತಪ್ಪಲೆಯನ್ನು ತೊಳೆದು ಮಗುಚಿಟ್ಟಳು. ಕೈ ಸೆರಗಿಗೆ ಒರೆಸಿಕೊಂಡಳು.

"ಹೋಗಿ ಮೇಡಂ. ಮನೇಲಿ ನಿಮ್ ಮಗು ಕಾಯ್ತಿರ್ತದೆ."

ಒಳಗೆ ಹೋಗಿ ಬಾಗಿಲು ಮುಂದೆ ಮಾಡಿಕೊಂಡಳು. ಅಕ್ಕಪಕ್ಕದ ಹೆಂಗಸರು ಬುಟ್ಟಿ ಎತ್ತಿಕೊಂಡು ಹಣ್ಣಿಗೆ ಹೊರಡುವ ಹೊತ್ತು. ಅಂಗಳದ ನಡುವೆ ನಿಂತೇ ಇದ್ದ ನವ್ಯಶ್ರೀಯನ್ನು ಬಳಸಿಕೊಂಡು, ಮಾತು ನಿಲ್ಲಿಸಿ, ಒಬ್ಬೊಬ್ಬರಾಗಿ ಇಳಿದುಹೋದರು.