ಕಂಡಕ್ಟರಮ್ಮನ ಮುಂಬಲ್ಲು

ಕಂಡಕ್ಟರಮ್ಮನಿಗೆ ಏಟು ಹೊಸದಲ್ಲ. ಚಿಕ್ಕವಳಿದ್ದಾಗ ಅಪ್ಪನ ಕೈ ಮಾತಿಗಿಂತ ಮುಂಚೆ ಓಡುತ್ತಿತ್ತು. ಹದಿನಾರನೇ ವಯಸ್ಸಿನಲ್ಲಿ ಒಮ್ಮೆ ಆ ಕೈಯನ್ನೇ ಹಿಡಿದು ತಿರುಚಿದಳು. ಅಂದಿನಿಂದ ಅಪ್ಪ ಅವಳ ತಂಟೆಗೆ ಬರಲಿಲ್ಲ. ಬಸ್ಸಿನ ಕೆಲಸಕ್ಕೆ ಸೇರಿದ ಮೇಲೂ ಅವಳ ಬಾಯಿ ಜೋರು, ಮೊಣಕೈ ಅದಕ್ಕಿಂತ ಜೋರು.

ಆ ದಿನ ಬೆಳಗಿನ ಟ್ರಿಪ್ಪಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ದಾಂಡಿಗನೊಬ್ಬ ಗಾರ್ಮೆಂಟ್ಸ್ ಹುಡುಗಿಯೊಬ್ಬಳ ಸೊಂಟಕ್ಕೆ ಮತ್ತೆ ಮತ್ತೆ ಕೈ ಹಾಕುತ್ತಿದ್ದ. ಹುಡುಗಿ ಮುದುಡಿ ನಿಂತಿದ್ದಳು. ಕಂಡಕ್ಟರಮ್ಮ ಸೀಟಿ ಊದಿ ಬಸ್ಸು ನಿಲ್ಲಿಸಿ, ಅವನ ಕಾಲರ್ ಹಿಡಿದು ಬಾಗಿಲಿಗೆ ಎಳೆದಳು.

"ಇಳಿ," ಎಂದಳು.

ಅವನು ಮುಷ್ಟಿ ಬಿಗಿದು ಅವಳ ಬಾಯಿಗೇ ಗುದ್ದಿದ. ಅವಳ ತಲೆ ಹೋಗಿ ಕಂಬಿಗೆ ಬಡಿಯಿತು. ಬಾಯಿ ತುಂಬ ರಕ್ತ. ಆದರೂ ಅವಳು ಬೀಳಲಿಲ್ಲ. ಕೈಯಲ್ಲಿದ್ದ ಟಿಕೆಟ್ ಮೆಷಿನ್ನನ್ನು ಬೀಸಿ ಅವನ ಕಿವಿಯ ಮೇಲೆ ಹೊಡೆದಳು. ಕಿವಿ ಹರಿಯಿತು. ಎರಡನೇ ಏಟಿಗೆ ಅವನು ಮೆಟ್ಟಿಲಿನಿಂದ ರಸ್ತೆಗೆ ಉರುಳಿದ. ಡ್ರೈವರ್ ಜಾಕಿನ ರಾಡು ಹಿಡಿದು ಇಳಿಯುವಷ್ಟರಲ್ಲಿ ಅವನು ಎದ್ದು ಓಟ ಕಿತ್ತಿದ್ದ.

ಅವಳ ಮೇಲಿನ ಎರಡು ಮುಂಬಲ್ಲುಗಳಲ್ಲಿ ಒಂದು ಬುಡಸಮೇತ ಕಿತ್ತು ಬಸ್ಸಿನೊಳಗೆ ಬಿದ್ದಿತ್ತು. ಇನ್ನೊಂದರ ಮೂಲೆ ಮುರಿದಿತ್ತು. ಬಿದ್ದ ಹಲ್ಲನ್ನು ಅವಳು ಸೆರಗಿನಲ್ಲಿ ಒರೆಸಲು ಹೋದಾಗ ಹಿಂದಿನ ಸೀಟಿನ ನರ್ಸಮ್ಮ ತಡೆದಳು. ಬೇರು ಮುಟ್ಟಬೇಡಿ, ಉಜ್ಜಬೇಡಿ, ಹಾಲಿನಲ್ಲಿ ಹಾಕಿ ಒಂದು ಗಂಟೆಯೊಳಗೆ ಹಲ್ಲಿನ ಡಾಕ್ಟರ ಹತ್ತಿರ ಹೋದರೆ ಮತ್ತೆ ಕೂರಿಸಬಹುದು ಎಂದಳು. ಡ್ರೈವರ್ ಚಹದಂಗಡಿಯಿಂದ ಒಂದು ಲೋಟ ತಣ್ಣನೆ ಹಾಲು ತಂದ. ಅವನು ಪ್ರಯಾಣಿಕರ ಸಮೇತ ಬಸ್ಸನ್ನು ಸೀದಾ ದೊಡ್ಡಾಸ್ಪತ್ರೆಗೇ ಓಡಿಸಿದ. ಯಾರೂ ಚಕಾರ ಎತ್ತಲಿಲ್ಲ.

ಹಲ್ಲಿನ ಡಾಕ್ಟರು ನಡುವಯಸ್ಸಿನ ಹೆಂಗಸು. ಮರಗಟ್ಟಿಸುವ ಇಂಜೆಕ್ಷನ್ ಹಿಡಿದ ಕೈ ಮುಖದ ಹತ್ತಿರ ಬಂದದ್ದೇ ತಡ, ಕಂಡಕ್ಟರಮ್ಮನ ಕೈ ತಾನಾಗಿ ಎದ್ದು ಡಾಕ್ಟರ ಕೆನ್ನೆಗೆ ಬಿತ್ತು. ಕನ್ನಡಕ ಗೋಡೆಗೆ ಹೋಗಿ ಬಡಿಯಿತು. ಡಾಕ್ಟರು ಅದನ್ನು ಎತ್ತಿ ಹಾಕಿಕೊಂಡರು.

"ಯಾರಮ್ಮ ನಿಮಗೆ ಇಷ್ಟೊಂದು ಹೊಡೆದದ್ದು?"

"ಬಸ್ಸಲ್ಲಿ ಒಬ್ಬ, ಮೇಡಂ."

"ಅವನ ಬಗ್ಗೆ ಕೇಳಲಿಲ್ಲ ನಾನು."

ಕಂಡಕ್ಟರಮ್ಮ ಎರಡೂ ಕೈಯನ್ನು ತೊಡೆಯ ಕೆಳಗೆ ಅದುಮಿಕೊಂಡು ಬಾಯಿ ತೆರೆದಳು. ಡಾಕ್ಟರು ಹಲ್ಲನ್ನು ತೊಳೆದು, ಒಸಡಿನ ಗುಳಿಯಲ್ಲಿ ಒತ್ತಿ ಕೂರಿಸಿ, ಅಕ್ಕಪಕ್ಕದ ಹಲ್ಲುಗಳಿಗೆ ತಂತಿ ಅಂಟಿಸಿದರು. ಮುರಿದ ಚೂರು ತುಟಿಯೊಳಗೆ ಹೂತಿರಬಹುದೆಂದು ಎಕ್ಸ್-ರೇ ತೆಗೆದರು. ಅಲ್ಲಿ ಸಿಗಲಿಲ್ಲ.

ಐದನೇ ದಿನ ತಂತಿ ತೋರಿಸಲು ಹೋದಾಗ ಆಸ್ಪತ್ರೆಯ ಕಾರಿಡಾರಿನ ಬೆಂಚಿನ ಮೇಲೆ ಆ ದಾಂಡಿಗ ಕೂತಿದ್ದ. ಕಿವಿಗೆ ಹೊಲಿಗೆ. ಬಲಗೈ ಮೊಣಕೈವರೆಗೆ ಬಾತು ಕೆಂಪಗಾಗಿತ್ತು. ಅವಳು ನೆಟ್ಟಗೆ ಹೋಗಿ ಆ ಕೈಯನ್ನು, ಬ್ಯಾಂಡೇಜಿನ ಮೇಲೆಯೇ, ಹಿಂಡಿದಳು. ಅವನು ಊಳಿಟ್ಟು ಮಂಡಿಯೂರಿದ. ಅವಳು ಬಿಡಲಿಲ್ಲ. ಬಟ್ಟೆಯಿಂದ ಕೀವು ಒಸರಿ ಅವಳ ಬೆರಳಿಗೆ ಹತ್ತಿತು. ವಾರ್ಡುಬಾಯ್ ಇಬ್ಬರು ಸೇರಿ ಬಿಡಿಸಬೇಕಾಯಿತು.

ಅಂದೇ ಸರ್ಜನ್ ಅವನ ನಡುಬೆರಳಿನ ಗೆಣ್ಣನ್ನು ಕೊಯ್ದು ತೆರೆದರು. ಒಳಗೆ ಹಲ್ಲಿನ ಚೂರಿತ್ತು. ಗುದ್ದುವಾಗ ಮುರಿದು ಹೊಕ್ಕ ಚೂರು ಬಾಯಿಯ ಕೊಳೆಯನ್ನೆಲ್ಲ ಜೊತೆಗೆ ಒಯ್ದಿತ್ತು. ಹಲ್ಲಿನ ಡಾಕ್ಟರು ಅದನ್ನು ಅವಳ ಮುರಿದ ಹಲ್ಲಿಗೆ ಹಿಡಿದು ನೋಡಿದರು. ಕೂದಲೆಳೆ ಸಂದೂ ಇಲ್ಲದೆ ಕೂತಿತು. ಗುದ್ದಿದವನು ಇವನೇ ಎನ್ನಲು ಪೊಲೀಸರಿಗೆ ಅಷ್ಟು ಸಾಕಾಯಿತು. ಅವನ ನಡುಬೆರಳು ಮಾತ್ರ ಉಳಿಯಲಿಲ್ಲ.

ತಾನು ಹಿಂಡಿದ್ದಕ್ಕೇ ಬೆರಳು ಹೋಯಿತೇ ಎಂದು ಅವಳು ರೂಟ್ ಕೆನಾಲಿಗೆ ಹೋದ ದಿನ ಡಾಕ್ಟರನ್ನು ಕೇಳಿದಳು. ಇಲ್ಲ, ಮೊದಲೇ ಕೀಲಿಗೆ ಕೀವು ಇಳಿದಿತ್ತು ಎಂದರು. ಅವಳಿಗೆ ಪೂರ್ತಿ ನಂಬಿಕೆ ಬರಲಿಲ್ಲ. ನಂಬಲೇಬೇಕೆಂಬ ಆಸೆಯೂ ಇರಲಿಲ್ಲ.

ಕೋರ್ಟಿನಲ್ಲಿ ಗಾರ್ಮೆಂಟ್ಸ್ ಹುಡುಗಿ ಸಾಕ್ಷಿ ಹೇಳಿದಳು. ಅವನಿಗೆ ಎರಡು ವರ್ಷ ಜೈಲಾಯಿತು. ಕೂರಿಸಿದ ಹಲ್ಲು ಈಗ ಕೊಂಚ ಬೂದುಬಣ್ಣಕ್ಕೆ ತಿರುಗಿದೆ. ಬೇರು ನಿಧಾನವಾಗಿ ಸವೆಯುತ್ತಿದೆ, ಇನ್ನೈದಾರು ವರ್ಷ ಬಂದರೆ ಹೆಚ್ಚು ಎನ್ನುತ್ತಾರೆ ಡಾಕ್ಟರು. ಅವಳು ಅದೇ ಹಲ್ಲಿನಿಂದ ಟಿಕೆಟ್ ರೋಲಿನ ಕಾಗದ ಹರಿಯುತ್ತಾಳೆ. ಬೇಡವೆಂದು ಎಷ್ಟು ಸಲ ಹೇಳಿದರೂ ಕೇಳುವುದಿಲ್ಲ.