ಹಿಂದಿನ ಸಾಲು ನೋಡುತ್ತಿದ್ದ ಈರಕ್ಕ

ಟಿವಿಯಲ್ಲಿ ಮದುವೆ ನಡೆಯುತ್ತಿದ್ದರೆ ಈರಕ್ಕ ಗಂಡನ್ನೂ ನೋಡುತ್ತಿರಲಿಲ್ಲ, ಹೆಣ್ಣನ್ನೂ ನೋಡುತ್ತಿರಲಿಲ್ಲ. ತಾಳಿ ಕಟ್ಟುವ ಹೊತ್ತಿಗೆ ಯಾರೋ ‘ನಿಲ್ಲಿಸಿ’ ಎಂದು ಕೂಗಿ, ಮನೆಮಂದಿಯ ಮುಖಗಳನ್ನೆಲ್ಲ ತಿರುಗಾ ಮುರುಗಾ ತೋರಿಸುವಾಗ ನಾನೂ ನನ್ನ ಮಗಳೂ ಉಸಿರು ಬಿಗಿಹಿಡಿದು ಕೂತಿರುತ್ತಿದ್ದೆವು. ಅವಳ ಕಣ್ಣು ಮಾತ್ರ ಆ ಮುಖಗಳನ್ನು ದಾಟಿ ಹಿಂದಿನ ಕುರ್ಚಿಗಳನ್ನು ಹುಡುಕುತ್ತಿತ್ತು. ಬಾಡಿಗೆ ರೇಷ್ಮೆಸೀರೆ ಉಟ್ಟು ಮಾತಿಲ್ಲದೆ ಕೂತಿರುತ್ತಾರಲ್ಲ, ಅವರನ್ನು. ಕಥೆ ಏನಾಯಿತೆಂದು ಕೇಳಿದರೆ ಅವಳಿಗೆ ತಿಳಿಯದು. ಮೂಲೆಯ ಹಸಿರು ಸೀರೆಯವಳು ಯಾವಾಗ ಕೆಮ್ಮಿದಳೆಂದು ಕೇಳಿದರೆ ಥಟ್ಟನೆ ಹೇಳುತ್ತಿದ್ದಳು.

ಮಧುಗಿರಿ ಬೆಟ್ಟದ ಬುಡದ ನಮ್ಮ ಬೀದಿಯಲ್ಲಿ ಈರಕ್ಕನದು ಕೊನೆಯ ಮನೆ. ಗಂಡ ತೀರಿಕೊಂಡಿದ್ದ, ಮಕ್ಕಳಿರಲಿಲ್ಲ. ಮಂಡಿಯಿಂದ ಹುಣಸೆಹಣ್ಣು ತಂದು ಬೀಜ ಬಿಡಿಸಿಕೊಡುವುದು ಅವಳ ಕೆಲಸ. ನಾನು ಶಾಲೆಯಲ್ಲಿ ಪಾಠ ಮುಗಿಸಿ ಬಂದು ಟಿವಿ ಹಾಕಿದೆನೋ ಇಲ್ಲವೋ, ಮೊರ ಮತ್ತು ತಗಡಿನ ಡಬ್ಬ ಹಿಡಿದು ನಮ್ಮ ಹೊಸ್ತಿಲಿಗೆ ಹಾಜರು. ಒಳಗೆ ಬಾ ಎಂದರೆ, “ಇಲ್ಲೇ ಇರ್ಲಿ ಬುಡ್ರಮ್ಮ, ಕೈಯೆಲ್ಲ ಅಂಟು” ಎನ್ನುವಳು. ಬೀಜಗಳು ಟಣ್ ಟಣ್ ಎಂದು ಡಬ್ಬಕ್ಕೆ ಬೀಳುತ್ತಿರುತ್ತಿದ್ದವು. ಆ ಸದ್ದು ನಿಂತಿತೆಂದರೆ ಅವಳಿಗೆ ಟಿವಿಯಲ್ಲಿ ತಂಗಿ ಕಂಡಳು ಎಂದು ಅರ್ಥ.

ತಂಗಿಯ ಹೆಸರು ಚಿತ್ತಮ್ಮ. ಅವರದು ಶಿರಾ ತಾಲ್ಲೂಕಿನ ತಾವರೆಕೆರೆ ಕಡೆಯ ಹಟ್ಟಿ, ಕುರಿ ಸಾಕುವ ಮನೆತನ. ಅಕ್ಕನ ಕುರಿ ಒಂದು ಗುಡ್ಡದ ಮೇಲೆ, ತಂಗಿಯ ಕುರಿ ಎದುರಿನ ಗುಡ್ಡದ ಮೇಲೆ. ಗಾಳಿಗೆ ಕೂಗು ತಲುಪುವುದಿಲ್ಲವೆಂದು ಇಬ್ಬರೂ ಸೆರಗಿನಲ್ಲೇ ಮಾತಾಡುತ್ತಿದ್ದರಂತೆ. ಸೆರಗಿನ ತುದಿಯನ್ನು ಎಡಗೈಗೆ ಸುತ್ತಿ ಎರಡು ಸಲ ಕೊಡವಿದರೆ ‘ಇಲ್ಲಿ ಮೇವಿದೆ, ಬಾ’ ಎಂದು. ಸೆರಗನ್ನು ತಲೆಯ ಮೇಲೆಳೆದು ಎರಡೂ ಕಿವಿ ಮುಚ್ಚಿಕೊಂಡರೆ ‘ಬರಬೇಡ’ ಎಂದು. ಇವೆರಡನ್ನೂ ಈರಕ್ಕ ನನಗೆ ಎದ್ದು ನಿಂತು ಮಾಡಿ ತೋರಿಸಿದ್ದಳು. ಆ ಕ್ಷಣ ಅವಳ ವಯಸ್ಸೇ ಇಳಿದು ಹೋದಂತಿತ್ತು.

ಚಿತ್ತಮ್ಮನನ್ನು ಪಾವಗಡದ ಕಡೆಗೆ ಕೊಟ್ಟಿದ್ದರು. ಗಂಡನ ಜೊತೆ ಹೊಂದಲಿಲ್ಲ. ಶೂಟಿಂಗ್‌ನಲ್ಲಿ ಗುಂಪಿನೊಳಗೆ ಕೂರುವ ಕೆಲಸ ಸಿಕ್ಕಿತೆಂದು ಬೆಂಗಳೂರಿಗೆ ಹೋದವಳು ಹಿಂದಿರುಗಲಿಲ್ಲ. ಒಂದು ದಿನ ಪಾವಗಡದ ಬಳೆಗಾರ್ತಿ ಬಂದು, “ನಿಮ್ ಚೆಲ್ಲೆಲು ಪೋಯಿಂದಂಟಮ್ಮಾ, ಜ್ವರ ಬಂದು ಪೋಯಿಂದಂಟ” ಎಂದು ತೆಲುಗು ಬೆರೆಸಿ ಸಾವಿನ ಸುದ್ದಿ ಹೇಳಿದಳು. ಎಲ್ಲಿ ಮಣ್ಣು ಮಾಡಿದರು, ಯಾರು ಮಾಡಿದರು, ಅವಳಿಗೂ ಗೊತ್ತಿರಲಿಲ್ಲ. ಈರಕ್ಕ ಅಳಲಿಲ್ಲ. ಮಹಾಲಯ ಅಮಾವಾಸ್ಯೆಗೆ ತಂಗಿಯ ಹೆಸರಿನಲ್ಲಿ ಒಂದು ಎಡೆ ಇಡು ಎಂದು ಬೀದಿಯವರೆಲ್ಲ ಹೇಳಿದರೂ ಒಪ್ಪಲಿಲ್ಲ.

“ಕಣ್ಣಾರೆ ಕಾಣೋಳ್ಗೆ ಹೆಂಗಮ್ಮ ಎಡೆ ಇಕ್ಲಿ? ಸತ್ತೋಳು ದಿನಾ ಸಾಯಂಕಾಲ ಬಂದು ಕುಂತ್ಕಂತಾಳಾ?”

ಅವಳು ತೋರಿಸಿದ ಹೆಂಗಸನ್ನು ನಾನೂ ನೋಡಿದ್ದೆ. ಮೊದಲು ಕಂಡದ್ದು ಒಂದು ನಾಮಕರಣದ ದೃಶ್ಯದಲ್ಲಿ. “ನೋಡ್ತಿರಿ, ಈಗ ಕಿವಿ ಮುಚ್ಕಂತಾಳೆ” ಎಂದಳು ಈರಕ್ಕ. ಹಿಂದಿನ ಸಾಲಿನ ಹೆಂಗಸು ಸೆರಗು ತಲೆಗೆಳೆದು ಕಿವಿ ಮುಚ್ಚಿಕೊಂಡಳು. “ಪಾಪ, ಎಸಿ ಚಳಿಯಿರಬೇಕು ಕಣೇ” ಎಂದು ರೇಗಿಸಿದೆ. ಆಮೇಲೆ ಇನ್ನೊಂದು ಚಾನೆಲ್‌ನ ನಿಶ್ಚಿತಾರ್ಥದಲ್ಲಿ ಅದೇ ಹೆಂಗಸು, ಮತ್ತೊಂದು ಧಾರಾವಾಹಿಯ ಸಾವಿನ ಮನೆಯಲ್ಲೂ ಅವಳೇ. ಕೂಲಿಗೆ ಕೂರುವವರು ಎಲ್ಲ ಕಡೆ ಕೂರುತ್ತಾರೆ, ಅದರಲ್ಲೇನು ವಿಶೇಷ ಎಂದುಕೊಂಡೆ. ಒಂದು ಸಂಗತಿಯನ್ನು ಮಾತ್ರ ತಮಾಷೆ ಮಾಡಿ ತಳ್ಳಿಹಾಕಲು ನನ್ನಿಂದಾಗಲಿಲ್ಲ. ಉಳಿದವರೆಲ್ಲ ಮದುಮಕ್ಕಳನ್ನೋ ಹೆಣವನ್ನೋ ನೋಡುತ್ತಿದ್ದರೆ, ಅವಳು ಪ್ರತಿಸಲವೂ ನಮ್ಮ ಹೊಸ್ತಿಲ ಕಡೆಗೇ ನೋಡುತ್ತಿದ್ದಳು.

“ಮುಂದ್ಲೋರು ಮಾತಾಡೋದು ಕಾಸಿಗೆ ಕಣಮ್ಮ,” ಎನ್ನುತ್ತಿದ್ದಳು ಈರಕ್ಕ, ಬೀಜ ಬಿಡಿಸುತ್ತಾ. “ಹೇಳೋ ಮಾತಿರೋರು ಹಿಂದ್ಗಡೆ ಸುಮ್ಕೆ ಕುಂತಿರ್ತಾರೆ. ಯಾರಾರ ತಿರುಗಿ ನೋಡ್ಬೇಕಷ್ಟೆ.” ಈ ಮಾತು ನನಗೆ ಅಂಟುಜಾಡ್ಯದ ಹಾಗೆ ಹತ್ತಿತು. ಕೊರಟಗೆರೆಯಲ್ಲಿ ನೆಂಟರ ಮದುವೆಗೆ ಹೋದಾಗ ಅಕ್ಷತೆ ಕೈಯಲ್ಲಿ ಹಿಡಿದು ಮಂಟಪಕ್ಕೆ ಬೆನ್ನು ಮಾಡಿ ನಿಂತುಬಿಟ್ಟಿದ್ದೆ. ಹಿಂದೆ ಕೂತಿದ್ದ ಗುರುತಿಲ್ಲದ ಅಜ್ಜಿಯೊಬ್ಬಳು ನನ್ನನ್ನೇ ನೋಡಿ ನಕ್ಕಳು. ನನಗೆ ಊಟ ಸೇರಲಿಲ್ಲ.

ಆ ದಿನವನ್ನು ಹೇಳಬೇಕು. ಧಾರಾವಾಹಿಯಲ್ಲಿ ಯಾರದೋ ಸೀಮಂತ. ಬೀಜದ ಸದ್ದು ನಿಂತಿತು. ಹಿಂದಿನ ಸಾಲಿನ ಹೆಂಗಸು ಸೆರಗಿನ ತುದಿಯನ್ನು ಎಡಗೈಗೆ ನಿಧಾನವಾಗಿ ಸುತ್ತಿಕೊಂಡಳು. ಎರಡು ಸಲ ಕೊಡವಿದಳು. ಅಷ್ಟರಲ್ಲಿ ಜಾಹೀರಾತು ಬಂತು.

“ಕರುದ್ಲು,” ಎಂದಳು ಈರಕ್ಕ. “ಇಷ್ಟು ವರ್ಸ ಬರ್ಬ್ಯಾಡ ಬರ್ಬ್ಯಾಡ ಅಂತಿದ್ಲು. ಈಗ ಕರುದ್ಬುಟ್ಲು, ಟೀಚರಮ್ಮ.”

ಆ ಸನ್ನೆಯನ್ನು ನಾನೂ ಕಂಡಿದ್ದೆ. ಆದರೂ ಗದರಿದೆ. “ಎಲ್ಲಿಗೆ ಅಂತ ಹೋಗ್ತೀಯೇ? ಬೆಂಗಳೂರು ಅಂದ್ರೆ ಪಕ್ಕದೂರು ಪುರವರದ ಸಂತೆ ಅಂದ್ಕೊಂಡ್ಯಾ? ಯಾವ ಬೀದಿ, ಯಾವ ಮನೆ, ಏನಾದರೂ ಗೊತ್ತಾ?”

“ಆವಾಗ ಮಾತ್ರ ಗುಡ್ಡದ ಹೆಸ್ರು ಕೇಳ್ಕಂಡು ಹೋಗ್ತಿದ್ನಾ? ಕರುದ್ರೆ ಹೋಗ್ತಿದ್ದೆ.”

ಮರುದಿನ ಬೆಳಗ್ಗೆ ಬಸ್‌ಸ್ಟ್ಯಾಂಡಿನ ತನಕ ಹೋಗಿ ತಡೆದು ನೋಡಿದೆ. ಕೇಳಲಿಲ್ಲ. ಕಿಟಕಿಯ ಪಕ್ಕ ಕೂತು, “ಡಬ್ಬ ನಿಮ್ಮ ಹೊಸ್ಲತಾವೇ ಐತೆ, ಎತ್ತಿಡ್ರಮ್ಮ” ಎಂದಳು. ಬಸ್ಸು ತುಮಕೂರು ರಸ್ತೆಗೆ ತಿರುಗಿತು. ಅದೇ ಕೊನೆ. ಪೊಲೀಸರಿಗೆ ದೂರು ಕೊಟ್ಟೆವು, ಫೋಟೋ ಕೊಟ್ಟೆವು. ಏನೂ ತಿಳಿಯಲಿಲ್ಲ. ಡಬ್ಬವನ್ನು ಎತ್ತಿ ಹೊಸ್ತಿಲ ಪಕ್ಕದ ಮೂಲೆಯಲ್ಲಿಟ್ಟೆ. ನಾನು ಧಾರಾವಾಹಿ ನೋಡುವುದನ್ನೇ ಬಿಟ್ಟೆ.

ಹೋದ ಬೇಸಿಗೆಯಲ್ಲಿ ಮಗಳು ಬಂದಿದ್ದಳು. ಮಧ್ಯಾಹ್ನ ಊಟ ಮಾಡುತ್ತಾ ಟಿವಿ ಹಾಕಿದಳು. ಯಾವುದೋ ಮದುವೆ, ಯಾರೋ ‘ನಿಲ್ಲಿಸಿ’ ಎಂದು ಕೂಗಿದರು. ನನ್ನ ಕಣ್ಣು ತಾನಾಗಿಯೇ ಹಿಂದಿನ ಸಾಲಿಗೆ ಹೋಯಿತು. ಇಬ್ಬರು ಹೆಂಗಸರು ಮೈಗೆ ಮೈ ತಾಗಿಸಿ ಕೂತಿದ್ದರು. ಚಿತ್ತಮ್ಮ ಸೆರಗನ್ನು ಎಡಗೈಗೆ ಸುತ್ತಿಕೊಂಡು ನನ್ನ ಕಡೆ ನೋಡಿ ಒಂದು ಸಲ ಕೊಡವಿದಳು. ಎರಡನೆಯ ಸಲ ಕೊಡವುವಷ್ಟರಲ್ಲಿ ಪಕ್ಕದವಳು ಆ ಕೈಯನ್ನು ಗಟ್ಟಿಯಾಗಿ ಹಿಡಿದಳು. ಹಿಡಿದುಕೊಂಡೇ, ಇನ್ನೊಂದು ಕೈಯಿಂದ ತನ್ನ ಸೆರಗನ್ನು ತಲೆಗೆಳೆದು ಒಂದು ಕಿವಿ ಮುಚ್ಚಿದಳು. ಆಮೇಲೆ ಇನ್ನೊಂದು.

“ಈರಕ್ಕ!” ಎಂದೆ.

“ಎಲ್ಲಮ್ಮ?” ಎಂದು ಮಗಳು ತಲೆಯೆತ್ತುವಷ್ಟರಲ್ಲಿ ದೃಶ್ಯ ಬದಲಾಗಿತ್ತು. “ಈರಕ್ಕ ಇದರಲ್ಲಿ ಹೆಂಗಿರ್ತಾಳೆ? ಇದು ಹಳೇದು, ಮರುಪ್ರಸಾರ. ನಾನು ಹೈಸ್ಕೂಲಲ್ಲಿದ್ದಾಗ ಬರ್ತಿತ್ತು. ನಾವು ನೋಡ್ತಿದ್ವಲ್ಲ, ಈರಕ್ಕನೂ ಅಲ್ಲೇ ಬಾಗಿಲಲ್ಲಿ ಕೂತಿರ್ತಿದ್ಲು.”

ಹೊಸ್ತಿಲ ಕಡೆ ತಿರುಗಿ ನೋಡಿದೆ. ಡಬ್ಬ ನಾನು ಎತ್ತಿಟ್ಟಿದ್ದ ಮೂಲೆಯಲ್ಲೇ ಇತ್ತು.

ಈ ಸಲದ ಮಹಾಲಯಕ್ಕೆ ಬೀದಿಯವರು ಬಂದು, ಪಾಪ, ಈರಕ್ಕನಿಗೆ ಹಿಂದಿಲ್ಲ ಮುಂದಿಲ್ಲ, ನೀವಾದರೂ ಒಂದು ಎಡೆ ಇಡಿ ಎಂದರು. ಆಗುವುದಿಲ್ಲ ಎಂದೆ. ಯಾಕೆ ಎಂದು ಕೇಳಿದರು. ಕಣ್ಣಾರೆ ಕಂಡವಳಿಗೆ ಹೇಗೆ ಇಡಲಿ?