ಮೇಸ್ತ್ರಿ ಆರಿಸಿದ ಚೆಂದದ ಚೂರುಗಳು

ಬಣ್ಣದ ಮೇಸ್ತ್ರಿ ಎಂದರೆ ಆ ಬೀದಿಗೆ ಒಬ್ಬರೇ. ಉಳಿದವರೆಲ್ಲ, ಅವರ ಪ್ರಕಾರ, ಗೋಡೆಗೆ ಮಸಿ ಬಳಿಯುವವರು. ಮೂವತ್ತು ವರ್ಷ ಬ್ರಷ್ ಹಿಡಿದ ಕೈಯನ್ನು ಈಗ ಹತ್ತು ವರ್ಷದಿಂದ ಬೆನ್ನ ಹಿಂದೆ ಕಟ್ಟಿಕೊಂಡಿದ್ದರು. ಏಣಿಯ ಕೆಳಗೆ ಹಾಗೆ ನಿಂತು "ಎಡಕ್ಕೆ, ಇನ್ನೂ ಎಡಕ್ಕೆ" ಎನ್ನದಿದ್ದರೆ ಗೋಡೆಯೇ ಕುಸಿದೀತು ಎಂಬ ನಂಬಿಕೆ.

ಈ ಸಲ ಒಪ್ಪಿಕೊಂಡದ್ದು ಹಳೆಯ ಗ್ರಂಥಾಲಯದ ಕಿಟಕಿ, ಬಾಗಿಲುಗಳ ಕೆಲಸ. ಮೂರು ತಲೆಮಾರಿನ ಬಣ್ಣ ಕೆರೆದಾಗ ಹನ್ನೊಂದು ಚೀಲ ತುಂಬಿತು. ಹಳೆಯ ಬಣ್ಣದಲ್ಲಿ ಸೀಸ ಇರಬಹುದು, ಪರೀಕ್ಷೆ ಮಾಡಿಸದೆ ಎಲ್ಲೂ ಸುರಿಯುವಂತಿಲ್ಲ. ಸೀಸವಿದ್ದರೆ ವಿಷದ ಕಸಕ್ಕೆಂದೇ ಇರುವ ಜಾಗಕ್ಕೆ ಒಯ್ಯಬೇಕು. ಇದು ಪುರಸಭೆಯ ಕಟ್ಟಪ್ಪಣೆ.

ಮೇಸ್ತ್ರಿ ಮಧ್ಯಾಹ್ನವಿಡೀ ಕುಕ್ಕರಗಾಲಿನಲ್ಲಿ ಕೂತು ಸ್ಯಾಂಪಲ್ ಆರಿಸಿದರು. ಮಗನಿಗೆ ಹೆಣ್ಣು ನೋಡುವಾಗಲೂ ಅಷ್ಟು ಆರಿಸಿರಲಿಲ್ಲ. ಹೆಬ್ಬೆರಳಗಲದ, ನುಣ್ಣನೆಯ ನೀಲಿ ಚೂರುಗಳು; ಐದು ವರ್ಷದ ಹಿಂದೆ ಅವರೇ ನಿಂತು ಹೊಡೆಸಿದ ಮೇಲ್ಪದರ. ತೊಳೆದು, ಒಣಗಿಸಿ, ಹೊಸ ಡಬ್ಬಿಯಲ್ಲಿ ಲ್ಯಾಬಿಗೆ ಕಳಿಸಿದರು. ಸೀಸ ಇಲ್ಲವೆಂದು ವರದಿ ಬಂತು. ಅದಕ್ಕೆ ಲ್ಯಾಮಿನೇಶನ್ ಆಯಿತು.

ಆಮೇಲೆ ಎರಡು ಚೀಲ ಮನೆಯ ಹಿತ್ತಲಿಗೆ ಬಂದವು. ಮೂರು ವರ್ಷದ ಮೊಮ್ಮಗಳ ಉಯ್ಯಾಲೆಯ ಕೆಳಗೆ ನೆಲ ತಗ್ಗಾಗಿತ್ತು; ಮಣ್ಣಿನ ಜೊತೆ ಬೆರೆಸಿ ತುಂಬಿದರೆ ಗಟ್ಟಿಯಾಗಿ ಕೂರುತ್ತದೆ ಎಂದು ಮೇಸ್ತ್ರಿಯ ಲೆಕ್ಕಾಚಾರ. ಮೊಮ್ಮಗಳೋ, ಕೈಗೆ ಸಿಕ್ಕಿದ್ದನ್ನೆಲ್ಲ ಬಾಯಿಗೆ ಹಾಕುವವಳು.

ಸೊಸೆ ರಕ್ತ ಪರೀಕ್ಷೆಯ ಲ್ಯಾಬಿನಲ್ಲಿ ಕೆಲಸಕ್ಕಿದ್ದಳು. ಚೀಲದ ಬಾಯಿ ಬಿಚ್ಚುವ ಹೊತ್ತಿಗೆ ಅಡ್ಡ ನಿಂತಳು.

"ಮಾವ, ಸ್ಯಾಂಪಲ್ಲು ಯಾವ ಚೀಲದ್ದು?"

"ಮೇಲಿನ ಚೀಲದ್ದು. ಚೆನ್ನಾಗಿರೋದನ್ನೇ ಆರಿಸಿ ಕಳಿಸಿದೀನಮ್ಮ."

"ಈ ಕೆಳಗಿರೋ ಹಳೇ ಪುಡಿ?"

"ಧೂಳು ಕಳಿಸಿದ್ರೆ ಲ್ಯಾಬಿನವರು ನನ್ನ ಕೆಲಸದ ಬಗ್ಗೆ ಏನಂದ್ಕೋತಾರೆ? ಅನ್ನ ಬೆಂದಿದೆಯೋ ಇಲ್ವೋ ಅನ್ನೋಕೆ ಒಂದಗುಳು ಸಾಲ್ದಾ?"

"ಒಂದೇ ಪಾತ್ರೆ ಆದ್ರೆ ಸಾಕು. ನೀವು ಹನ್ನೊಂದು ಪಾತ್ರೆ ಇಟ್ಕೊಂಡು ಪಕ್ಕದ ಮನೆ ಅಗುಳು ತೋರಿಸ್ತಿದೀರಿ."

ಒಳಗಿನಿಂದ ಹೆಂಡತಿ ನಕ್ಕದ್ದು ಕೇಳಿಸಿತು. ಮೇಸ್ತ್ರಿಗೆ ಸೊಸೆಯ ಮಾತಿಗಿಂತ ಆ ನಗುವೇ ಹೆಚ್ಚು ಚುಚ್ಚಿತು.

ಸೊಸೆ ಮುಖಕ್ಕೆ ಮಾಸ್ಕ್, ಕೈಗೆ ಗ್ಲೌಸು ಹಾಕಿಕೊಂಡು ಹಿತ್ತಲಿನ ಎರಡು, ಗ್ರಂಥಾಲಯದಲ್ಲೇ ಉಳಿದಿದ್ದ ಒಂಬತ್ತು, ಒಟ್ಟು ಹನ್ನೊಂದೂ ಚೀಲಗಳ ತಳದಿಂದ, ನಡುವಿನಿಂದ, ಮೇಲಿನಿಂದ ಚಮಚ ಚಮಚ ತೆಗೆದು ಕಲಸಿ ಕಳಿಸಿದಳು. ಹಿತ್ತಲ ಬಾಗಿಲಿಗೆ ಬೀಗ ಬಿತ್ತು. ಎಂಟು ದಿನ ಮೇಸ್ತ್ರಿ ಸಿಕ್ಕವರಿಗೆಲ್ಲ, "ನಮ್ಮ ಸೊಸೆ ಈ ವಯಸ್ಸಲ್ಲಿ ನನಗೆ ಪರೀಕ್ಷೆ ಇಟ್ಟಿದಾಳೆ ಕಣ್ರೀ," ಎಂದು ದೂರಿಕೊಂಡರು.

ಪರೀಕ್ಷೆಯಲ್ಲಿ ಮೇಸ್ತ್ರಿ ನಪಾಸು. ಸೀಸ ಮಿತಿಗಿಂತ ಹದಿನಾಲ್ಕು ಪಟ್ಟು.

ವರದಿಯನ್ನು ಎರಡು ಸಲ ಓದಿದರು. ಎದುರಿಗೆ ಮೊಮ್ಮಗಳು ಚಪ್ಪಲಿಯ ಪಟ್ಟಿ ಚೀಪುತ್ತ ಕೂತಿದ್ದಳು. ಮೇಸ್ತ್ರಿ ಅದನ್ನು ಮೆಲ್ಲಗೆ ಬಿಡಿಸಿ, ಮಗುವಿನ ಬಾಯಿ ಒರೆಸಿ, ಮಾಸ್ಕ್ ಕಟ್ಟಿಕೊಂಡು ಹಿತ್ತಲಿಗೆ ಹೋದರು. ಚೀಲಗಳ ಬಾಯನ್ನು ತಾವೇ ಹೊಲಿದರು. ಚೂರು ಆರಿಸಿದ್ದನ್ನು ಬಿಟ್ಟರೆ, ಹತ್ತು ವರ್ಷದಲ್ಲಿ ಅವರ ಕೈಗೆ ಸಿಕ್ಕ ಮೊದಲ ಕೆಲಸ ಅದು.

ವಿಷದ ಕಸದ ಕಚೇರಿಯಲ್ಲಿ ಗುಮಾಸ್ತ ಫಾರಂ ತುಂಬುತ್ತ ಕೇಳಿದ: "ಸ್ಯಾಂಪಲ್ ತೆಗೆದವರು ಯಾರು?"

ಮೇಸ್ತ್ರಿ ಗಂಟಲು ಸರಿಮಾಡಿಕೊಂಡರು. "ನಮ್ಮ ಸೊಸೆ. ಅವಳು ಕಲ್ತಿದಾಳೆ."

ಫಾರಂ ಮೇಲೆ ಬಗ್ಗಿ ಸೇರಿಸಿದರು: "ಚೀಲ ಹಿಡ್ಕೊಂಡಿದ್ದು ನಾನು ಅಂತಲೂ ಬರ್ಕೊಳ್ಳಿ."

ಫಾರಂನಲ್ಲಿ ಅದಕ್ಕೆ ಜಾಗವಿರಲಿಲ್ಲ.